ಚೀಲ ಸಾಕು

ಕನ್ನಡಕದ ಹೆಂಗಸು ಮಗುವಿನ ಫ್ರಾಕನ್ನು ಮಡಿಕೆ ಕೆಡದಂತೆ ತಂದು ಮೇಜಿನ ಮೇಲಿಟ್ಟಳು. ವಾಪಸ್ ತೆಗೆದುಕೊಳ್ಳಬೇಕಂತೆ. ಟೇಲರ್ ಮಾಸ್ಟರ್ ಫ್ರಾಕನ್ನು ಬೆಳಕಿಗೆ ಹಿಡಿದು ಹೊಲಿಗೆ ನೋಡಿದ, ಗುಂಡಿ ಎಳೆದು ನೋಡಿದ. ತಪ್ಪು ಸಿಗಲಿಲ್ಲ.

"ಅಳತೆ ಹೆಚ್ಚುಕಮ್ಮಿ ಆಯ್ತಾ?"

"ಇಲ್ಲಪ್ಪ, ಸರಿಯಾಗೇ ಇದೆ. ಫ್ರಾಕು ಮನೇಲಿ ಬೇಕಾದಷ್ಟಿವೆ. ಇದನ್ನ ಹಾಕಿ ಕೊಟ್ಟಿದ್ರಲ್ಲ, ಆ ಚೀಲ ಮಾತ್ರ ಇಟ್ಕೋತೀವಿ. ಮಗಳು ಅದನ್ನ ಬಿಡ್ತಾನೇ ಇಲ್ಲ."

ಹೊಲಿಗೆ ಯಂತ್ರದ ಹಿಂದೆ ಕೂತಿದ್ದ ಮಾಸ್ಟರನ ಹೆಂಡತಿ ಪೆಡಲಿನಿಂದ ಕಾಲು ತೆಗೆದಳು. ಚೀಲ ಅವಳ ಕೈಕೆಲಸ. ಪ್ಲಾಸ್ಟಿಕ್ ಕವರು, ಪ್ಲಾಸ್ಟಿಕ್ ಲೇಬಲ್ಲು ಕಂಡರೆ ಗಿರಾಕಿಗಳು ಮುಖ ಸಿಂಡರಿಸತೊಡಗಿದಾಗ ಮಾಸ್ಟರ್ ತಲೆ ಮೇಲೆ ಕೈಹೊತ್ತು ಕೂತಿದ್ದ. ಮೇಜಿನ ಕೆಳಗೆ ಬಿದ್ದ ಬಟ್ಟೆ ಚೂರುಗಳನ್ನು ಬಣ್ಣಕ್ಕೆ ಬಣ್ಣ ಕೂಡಿಸಿ, ಅಂಗಡಿಯ ಹೆಸರನ್ನೂ ನೂಲಿನಲ್ಲೇ ಬರೆದು ಚೀಲ ಹೊಲಿದವಳು ಅವಳು. ಕಸದಿಂದ ರಸ ತೆಗೆದೆ ಕಣೇ ಎಂದು ಅವನೇ ಮೆಚ್ಚಿದ್ದ.

ಈಗ ಅವನು ಫ್ರಾಕನ್ನು ಪಕ್ಕಕ್ಕಿಟ್ಟು ಹಣ ವಾಪಸ್ ಕೊಟ್ಟ. ಚೀಲದ ಬೆಲೆ ಮುರಿದುಕೊಳ್ಳಿ ಎಂದಳು ಹೆಂಗಸು. ಅದಕ್ಕೆ ಬೆಲೆಯೇ ಕಟ್ಟಿರಲಿಲ್ಲ.

ಸುದ್ದಿ ಬಾಯಿಂದ ಬಾಯಿಗೆ ಹಬ್ಬಿತು. ಬಂದವರೆಲ್ಲ ಚೀಲ ಕೇಳುವವರೇ. ತೂಗುಹಾಕಿದ್ದ ಫ್ರಾಕುಗಳನ್ನು ಸರಿಸಿ, ಹಿಂದೆ ಚೀಲವಿದೆಯೇ ಎಂದು ಇಣುಕುತ್ತಿದ್ದರು. ಅವಳಿಗೆ ಹಿಗ್ಗು ಉಕ್ಕುವುದು. ಗಂಡನ ಮುಖ ಕಂಡೊಡನೆ, ನೀರು ಚಿಮುಕಿಸಿದ ಹಾಲಿನಂತೆ ಇಳಿಯುವುದು. ಸಂತೋಷಪಡಬೇಕೋ, ತಪ್ಪಾಯಿತು ಅನ್ನಬೇಕೋ ತಿಳಿಯದು. ಒಮ್ಮೆ ಗಿರಾಕಿಯೊಬ್ಬಳಿಗೆ ಫ್ರಾಕು ತೋರಿಸಿ, ನಮ್ಮ ಯಜಮಾನರ ಕೆಲಸ ಎಷ್ಟು ಅಚ್ಚುಕಟ್ಟು ನೋಡಿ ಎಂದಳು. ನನ್ನ ಪರ ಯಾರೂ ವಕಾಲತ್ತು ಮಾಡಬೇಕಾಗಿಲ್ಲ ಎಂದು ಅವನು ಎದ್ದು ಹೊರಗೆ ಹೋದ. ಮರುದಿನ ಅವಳು ತುಟಿ ಬಿಚ್ಚಲಿಲ್ಲ. ಒಂದು ಮಾತಾದರೂ ಆಡಬಾರದಿತ್ತೇ ಎಂದು ಅದಕ್ಕೂ ಮುನಿದ.

ಕೊನೆಗೆ ಚೂರುಗಳೇ ಮುಗಿದವು. ಫ್ರಾಕು ಕತ್ತರಿಸದೆ ಚೂರು ಎಲ್ಲಿಂದ ಬೀಳಬೇಕು? ನಾಳೆ ಬರುವವರಿಗೆ ಚೀಲ ಇಲ್ಲ ಅಂತೀನಿ ಎಂದು ಅವಳು ಮೆಲ್ಲಗೆ ಹೇಳಿದಳು. ಹೇಳಿದ ಮೇಲೆ ಎದೆ ಹಗುರಾಯಿತೋ ಭಾರವಾಯಿತೋ, ಅದೂ ಗೊತ್ತಾಗಲಿಲ್ಲ.

ಮಾಸ್ಟರ್ ಎದ್ದು, ಫ್ರಾಕಿಗೆಂದು ತಾನೇ ಆರಿಸಿ ತಂದಿದ್ದ ಹೂವಿನ ಬಟ್ಟೆಯನ್ನು ಮೇಜಿನ ಮೇಲೆ ಹಾಸಿದ. ಟೇಪು ಮುಟ್ಟಲಿಲ್ಲ, ಸೀಮೆಸುಣ್ಣ ಮುಟ್ಟಲಿಲ್ಲ. ಕತ್ತರಿ ತೆಗೆದುಕೊಂಡು ಅಡ್ಡಾದಿಡ್ಡಿ ಕತ್ತರಿಸತೊಡಗಿದ.

"ರೀ, ಅದು ಹೊಸ ಬಟ್ಟೆ."

"ಗೊತ್ತು. ಚೂರು ಬೇಕಲ್ಲ ನಿನಗೆ?"

ಆ ದನಿಯಲ್ಲಿದ್ದದ್ದು ಸಿಟ್ಟೋ ಒಪ್ಪಿಗೆಯೋ, ಇಷ್ಟು ವರ್ಷ ಸಂಸಾರ ಮಾಡಿದ ಅವಳಿಗೂ ತಿಳಿಯಲಿಲ್ಲ. ಕತ್ತರಿ ತೊಡರದಿರಲೆಂದು ಬಟ್ಟೆಯ ಇನ್ನೊಂದು ಅಂಚನ್ನು ಬಿಗಿಯಾಗಿ ಎಳೆದು ಹಿಡಿದಳು.