ಕೆಮ್ಮಿನ ಲೆಕ್ಕ

ಮೇಡಂ ಕೆಮ್ಮಿದರು. ಒಂದೇ ಸಲ, ಅದೂ ಕರವಸ್ತ್ರ ಅಡ್ಡ ಹಿಡಿದು. ಹತ್ತನೆಯ ತರಗತಿಯ ನಲವತ್ತೆರಡು ಪೆನ್ನುಗಳು ಒಟ್ಟಿಗೆ ಕೆಳಗಿಳಿದು ಮೊದಲನೆಯ ಉತ್ತರಕ್ಕೆ ಗುರುತು ಹಾಕಿದವು. ವರಾಂಡದಲ್ಲಿ ಕಿಟಕಿಗೆ ಅಂಟಿ ನಿಂತಿದ್ದ ಇಂಗ್ಲಿಷ್ ಮೇಷ್ಟ್ರು ಹಣೆ ಚಚ್ಚಿಕೊಂಡರು. ಸರಿಯುತ್ತರ ಮೂರನೆಯದು.

ಕೆಮ್ಮು ಮೇಷ್ಟ್ರ ಸ್ವಂತ ಬೋಧನಾ ವಿಧಾನ. ಮೂರು ವರ್ಷದಿಂದ ಇಂಗ್ಲಿಷ್ ಆಲಿಸುವ ಪರೀಕ್ಷೆಗೆ ಅವರೇ ಗದ್ಯ ಓದುತ್ತಿದ್ದರು, ಪ್ರತಿ ಪ್ರಶ್ನೆಯ ಕೊನೆಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಒಂದು ಕೆಮ್ಮಿಗೆ ಮೊದಲನೆಯ ಉತ್ತರ, ನಾಲ್ಕಕ್ಕೆ ನಾಲ್ಕನೆಯದು. ಈ ಶಾಲೆಯ ಮಕ್ಕಳ ಆಲಿಸುವ ಶಕ್ತಿ ವರ್ಷದಿಂದ ವರ್ಷಕ್ಕೆ ಏರುತ್ತಿದೆ ಎಂದು ಇಲಾಖೆ ಮೆಚ್ಚುಗೆಯ ಪತ್ರ ಬರೆದಿತ್ತು. ಮೆಚ್ಚಿ ಸುಮ್ಮನಿರಬಾರದೇ? ಈ ಸಲ ಪರೀಕ್ಷೆ ನಡೆಸಲು ಇಲಾಖೆಯಿಂದ ಒಬ್ಬ ಮೇಡಂ ಬಂದಿಳಿದಿದ್ದರು, ಜೊತೆಗೆ ಗದ್ಯ, ಪ್ರಶ್ನೆ ಎಲ್ಲ ತಾನೇ ಓದಿ ಹೇಳುವ ಒಂದು ಕಪ್ಪು ಪೆಟ್ಟಿಗೆ. ವಿಷಯದ ಶಿಕ್ಷಕರು ಕೊಠಡಿಯ ಹೊರಗಿರಬೇಕಂತೆ. ಹೊರಗಿದ್ದರೇನು, ಕೆಮ್ಮಿಗೆ ಕಿಟಕಿ ಸಾಕು ಎಂದು ಮೇಷ್ಟ್ರು ಮಿಕ್ಕ ಒಂದು ಪ್ರಶ್ನೆಪತ್ರಿಕೆಯನ್ನು ಸುರುಳಿ ಸುತ್ತಿ ಹಿಡಿದು ಧೈರ್ಯವಾಗಿದ್ದರು. ಮೇಡಂಗೆ ನೆಗಡಿಯಿದೆ ಎಂದು ಯಾರೂ ಹೇಳಿರಲಿಲ್ಲ.

ಬೆಳಗಿನ ಓದುವ ಪರೀಕ್ಷೆ ಹೂವೆತ್ತಿದಂತೆ ಮುಗಿದಿತ್ತು. ಅದಕ್ಕೂ ಮೇಷ್ಟ್ರದೇ ವಿಧಾನ: ಪ್ರಶ್ನೆಯಲ್ಲಿರುವ ಪದ ಗದ್ಯದಲ್ಲಿ ಎಲ್ಲಿದೆಯೋ ಹುಡುಕು, ಅದರ ಹಿಂದಿನ ಚುಕ್ಕಿಯಿಂದ ಮುಂದಿನ ಚುಕ್ಕಿಯವರೆಗೆ ಇಳಿಸು. ಅರ್ಥದ ತಂಟೆಗೆ ಹೋದ ಒಬ್ಬಿಬ್ಬರು ಮಾತ್ರ ಎಡವಿದ್ದರು. ಇನ್ನು ಆಲಿಸುವುದರಲ್ಲೂ ನೂರಕ್ಕೆ ಎಂಬತ್ತು ಬಂದುಬಿಟ್ಟರೆ ಮೇಷ್ಟ್ರ ಕೆಲಸ ಕಾಯಂ. ಬರದಿದ್ದರೆ ಮನೆಗೆ. ಮನೆಯಲ್ಲಿ ಹೆಂಡತಿಯ ಅಪ್ಪ, ಪ್ರತಿ ಭಾನುವಾರ ತಪ್ಪದೆ ಬಂದು, "ಅಳಿಯಂದಿರದು ಇನ್ನೂ ಹಂಗಾಮೀನೇನಾ?" ಎಂದು ಮಗಳನ್ನು ಕೇಳುವವರು. ಅಳಿಯಂದಿರಿಗೆ ಕೇಳಿಸುವಷ್ಟು ಮೆಲ್ಲಗೆ.

ಮೇಷ್ಟ್ರು ತಡಮಾಡದೆ ಸರಳುಗಳ ನಡುವೆ ಮುಖವಿಟ್ಟು ಎರಡು ಸಲ ಕೆಮ್ಮಿದರು. ಒಳಗೆ ಅರೆಗಳಿಗೆ ಗಲಿಬಿಲಿ. ಮುಂದಿನ ಬೆಂಚಿನ ಹುಡುಗಿ, ಬಾಯಿ ಮುಚ್ಚದ ಕಾರಣಕ್ಕೆ ರೇಡಿಯೊ ಎಂದು ಹೆಸರಾದವಳು, ಬೆರಳು ಮಡಿಚಿ ಎಣಿಸಿದಳು. ಒಂದಕ್ಕೆ ಎರಡು ಕೂಡಿದರೆ ಮೂರು. ಹಾಕಿದ ಗುರುತನ್ನು ಹೊಡೆದುಹಾಕಿ ಮೂರನೆಯದಕ್ಕೆ ಹಾಕಿದಳು. ಅವಳನ್ನು ನೋಡಿ ಉಳಿದವರೂ. ಮೇಷ್ಟ್ರ ಕಣ್ಣು ತುಂಬಿ ಬಂತು. ಗಣಿತದವರು ಇಷ್ಟು ಚೆನ್ನಾಗಿ ಪಾಠ ಮಾಡಿದ್ದಾರೆಂದು ಅವರಿಗೆ ಈವರೆಗೆ ಗೊತ್ತಿರಲಿಲ್ಲ.

ಎರಡನೆಯ ಪ್ರಶ್ನೆಗೆ ನಾಲ್ಕು ಬೇಕಿತ್ತು. ಮೇಡಂ ಎರಡು ಕೆಮ್ಮಿದರು, ಮೇಷ್ಟ್ರು ಎರಡು ಸೇರಿಸಿದರು. ಮೇಡಂ ಪೆಟ್ಟಿಗೆ ನಿಲ್ಲಿಸಿ ಕಿಟಕಿಯ ಬಳಿ ಬಂದರು.

"ಅಯ್ಯೋ, ನಿಮಗೂ ಹಿಡ್ಕೊಂಡಿದೆಯಾ ಸಾರ್?"

"ಮೂರು ವರ್ಷದಿಂದ ಇದೆ ಮೇಡಂ."

"ಮೂರು ವರ್ಷ! ಡಾಕ್ಟ್ರಿಗೆ ತೋರಿಸ್ಲಿಲ್ವಾ?"

"ಪರೀಕ್ಷೆ ಟೈಮಲ್ಲಿ ಮಾತ್ರ ಬರುತ್ತೆ."

"ಪಾಪ, ಟೆನ್ಷನ್ನು. ಮಕ್ಕಳ ಮೇಲೆ ಅಷ್ಟೊಂದು ಜೀವ ಇಟ್ಕೊಂಡಿದ್ದೀರಿ." ಮೇಡಂ ಪರ್ಸಿನಿಂದ ಕೆಮ್ಮಿನ ಗುಳಿಗೆ ತೆಗೆದು ಸರಳುಗಳ ನಡುವಿಂದ ಚಾಚಿದರು. "ಹಾಕ್ಕೊಳ್ಳಿ ಬಾಯಿಗೆ. ಹ್ಞೂಂ, ನನ್ನೆದುರಿಗೇ."

"ನೀವೇ ತಗೊಳ್ಳಿ ಮೇಡಂ, ದಯವಿಟ್ಟು ನೀವು ತಗೊಳ್ಳಿ."

"ಇದ್ದಿದ್ದೇ ಒಂದು. ಇರ್ಲಿ, ನನ್ನದೇನು ದೊಡ್ಡದಲ್ಲ."

ಮೂರನೆಯ ಪ್ರಶ್ನೆಯಲ್ಲಿ ಪೆಟ್ಟಿಗೆಯೊಳಗಿನ ಹೆಂಗಸು ಏನೆಂದಳೋ ಮೇಷ್ಟ್ರಿಗೇ ತಿಳಿಯಲಿಲ್ಲ. ಇಪ್ಪತ್ತು ವರ್ಷ ಇಂಗ್ಲಿಷ್ ಓದಿದವರಿಗೆ ಇಂಗ್ಲಿಷ್ ಹೀಗೂ ಕೇಳಿಸುತ್ತದೆಂದು ಯಾರಾದರೂ ಮೊದಲೇ ತಿಳಿಸಬೇಕಿತ್ತು. ಅಷ್ಟರಲ್ಲಿ ಮೇಡಂ ಎರಡು ಸಲ ಕೆಮ್ಮಿದರು. ಇಲಾಖೆಯಿಂದ ಬಂದವರು, ಸುಮ್ಮಸುಮ್ಮನೆ ಕೆಮ್ಮಿರಲಾರರು ಎಂದು ಮೇಷ್ಟ್ರು ಅದನ್ನೇ ನಂಬಿದರು. ನಾಲ್ಕನೆಯದಕ್ಕೆ ಒಂದು ಸಾಕಿತ್ತು, ಮೇಡಂ ಮೂರು ಕೆಮ್ಮಿಬಿಟ್ಟರು. ಕೆಮ್ಮನ್ನು ಕೂಡಬಹುದು, ಕಳೆಯುವುದು ಹೇಗೆ? ಹೋಗಲಿ, ಐದರಲ್ಲಿ ನಾಲ್ಕು ಬಂದರೂ ನೂರಕ್ಕೆ ಎಂಬತ್ತಾಯಿತು. ಉಳಿದದ್ದು ಒಂದೇ ಪ್ರಶ್ನೆ.

ಐದನೆಯ ಪ್ರಶ್ನೆ ಮುಗಿಯುವಾಗ ಮೇಡಂ ಬಾಟಲಿಯೆತ್ತಿ ನೀರು ಕುಡಿಯುತ್ತಿದ್ದರು. ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದು. ಮೇಷ್ಟ್ರು ಗುಳಿಗೆಯನ್ನು ದವಡೆಗೆ ತಳ್ಳಿ, ಸ್ಪಷ್ಟವಾಗಿ, ವ್ಯಾಕರಣಶುದ್ಧವಾಗಿ ಮೂರು ಸಲ ಕೆಮ್ಮಿದರು. ಪೆನ್ನುಗಳು ಕೆಳಗಿಳಿಯತೊಡಗಿದವು. ಆಗ ಮೇಡಂಗೆ ನೀರು ನೆತ್ತಿಗೇರಿತು. ಒಂದು. ಎರಡು. ಪೆನ್ನುಗಳು ಗಾಳಿಯಲ್ಲೇ ನಿಂತವು.

ಮೇಡಂ ಕಣ್ಣೊರೆಸಿಕೊಂಡು ಗಡಿಯಾರ ನೋಡಿದರು. "ಆಯ್ತಾ ಎಲ್ಲರದೂ?"

ರೇಡಿಯೊ ಎದ್ದು ನಿಂತಳು. ಕಿಟಕಿಯಾಚೆ ಮೇಷ್ಟ್ರು ಕೂತ್ಕೋ ಕೂತ್ಕೋ ಎಂದು ಕೈಸನ್ನೆ ಮಾಡಿದರು. ಆದರೆ ಆ ತರಗತಿಗೆ ಅವರು ಕಲಿಸಿದ್ದು ಕೇಳುವುದನ್ನು, ನೋಡುವುದನ್ನಲ್ಲ.

"ಏನಮ್ಮಾ, ಸರಿಯಾಗಿ ಕೇಳಿಸ್ಲಿಲ್ವಾ?" ಎಂದರು ಮೇಡಂ.

"ಚೆನ್ನಾಗಿ ಕೇಳಿಸ್ತು ಮೇಡಂ. ಸಾರ್ ಮೂರು, ನೀವು ಎರಡು, ಒಟ್ಟು ಐದು. ಆದ್ರೆ ಇಲ್ಲಿ ನಾಲ್ಕೇ ಉತ್ತರ ಕೊಟ್ಟಿದ್ದಾರಲ್ಲ, ಐದನೇದು ಎಲ್ಲಿದೆ?"