ಹಳೆಯ ನಮೂನೆ

ಗುಮಾಸ್ತ ಕ್ಷಮಾಪಣೆಯ ಕಾಗದವನ್ನು ಎಡಗೈಯಲ್ಲಿ ಹುಡುಗಿಯ ಕಡೆ ತಳ್ಳಿದ. ನಾಯಿಗೆ ತುಂಡು ಎಸೆದ ಹಾಗೆ. ಅವಳು ಮುಟ್ಟಲಿಲ್ಲ.

“ಹನ್ನೊಂದಕ್ಕೆ ವಿಚಾರಣೆ. ಓದಿ ಸಹಿ ಹಾಕಿದ್ರೆ ಪರೀಕ್ಷೆ. ಇಲ್ದಿದ್ರೆ ಟಿ.ಸಿ.,” ಅಂದ. ಮುಖ ಎತ್ತಿಯೂ ನೋಡಲಿಲ್ಲ. ಹಳೆಯ ಕಡತವೊಂದರ ದಾರ ಬಿಚ್ಚುತ್ತ ಕೂತಿದ್ದ.

ಅವಳ ಅಪರಾಧ ಇಷ್ಟೇ. ಕಾಲೇಜಿನಲ್ಲಿ ವಾಕ್‌ಸ್ವಾತಂತ್ರ್ಯ ಸಪ್ತಾಹ ನಡೆದಿತ್ತು. ಬ್ಯಾನರು, ಬಲೂನು, ಚರ್ಚಾಸ್ಪರ್ಧೆ, ಗೆದ್ದವರಿಗೊಂದು ಕಪ್ಪು. ಇವಳ ಸರದಿ ಬಂದಾಗ ಮೈಕು ಹಿಡಿದು, ಹಾಸ್ಟೆಲಿನ ನೀರಿನ ಟ್ಯಾಂಕಿನಲ್ಲಿ ಪಾರಿವಾಳಗಳು ಸತ್ತು ಕೊಳೆತಿವೆ, ಬಕೆಟ್ಟಿಗೆ ಪುಕ್ಕ ಬೀಳುತ್ತಿದೆ, ಹನ್ನೆರಡು ಹುಡುಗಿಯರು ಆಸ್ಪತ್ರೆಯಲ್ಲಿ ವಾಂತಿ ಮಾಡುತ್ತ ಮಲಗಿದ್ದಾರೆ ಎಂದಳು. ಮೈಕು ಅಲ್ಲಿಗೇ ನಿಂತಿತು. ಮರುದಿನ ಮುನ್ನೂರು ಮಂದಿ ಗೇಟಿನ ಮುಂದೆ ಕೂತರು. ನಾಲ್ಕನೆಯ ದಿನ ಸಂಸ್ಥೆಯ ಮಾನಹಾನಿ ಎಂದು ಇವಳೊಬ್ಬಳಿಗೇ ನೋಟೀಸು ಬಂತು. ವಾಕ್‌ಸ್ವಾತಂತ್ರ್ಯವಂತೆ. ಥೂ!

ಪಕ್ಕದಲ್ಲಿ ಅವಳ ಅಮ್ಮ ನಿಂತಿದ್ದಳು. ಹೊಲಿಗೆಯವಳು. ಕೊರಳಲ್ಲಿ ಅಳತೆಪಟ್ಟಿ ಹಾಗೇ ನೇತಾಡುತ್ತಿತ್ತು, ತೆಗೆಯುವುದನ್ನೂ ಮರೆತು ಓಡಿಬಂದಿದ್ದಳು. ಮನೆಯಲ್ಲಿ ಡಿಗ್ರಿ ಅಂತ ಬಂದರೆ ಇದೇ ಮೊದಲನೆಯದು, ಇನ್ನೊಂದೇ ಪರೀಕ್ಷೆ ಬಾಕಿ ಎಂದು ಗುಮಾಸ್ತನಿಗೆ ಮೂರು ಸಲ ಹೇಳಿದ್ದಳು. ಮಗಳಿಗೆ ಒಂದೇ ಮಾತು ಹೇಳಿದಳು. “ಬೀಸೋ ದೊಣ್ಣೆ ತಪ್ಪಿಸ್ಕೋ, ಮಗಳೇ.”

“ಸುಳ್ಳಿಗೆ ಸಹಿ ಹಾಕಲ್ಲಮ್ಮ.”

ಈ ಗುಮಾಸ್ತನಿಗೆ ಹುಡುಗರು ಇಟ್ಟ ಹೆಸರು ಗೋಂದು. ಪ್ರಿನ್ಸಿಪಾಲರ ಬೆನ್ನಿಗೆ ಅಂಟಿಕೊಂಡೇ ಇರುತ್ತಿದ್ದ. ಇದೇ ಕಾಲೇಜಿನಲ್ಲಿ ಎರಡು ವರ್ಷ ಓದಿ ಬಿಟ್ಟವನಂತೆ. ಆಮೇಲೆ ಇಲ್ಲೇ ಜವಾನನಾಗಿ ಸೇರಿ, ಕೂದಲು ನೆರೆಯುವ ಹೊತ್ತಿಗೆ ಗುಮಾಸ್ತನಾದ. ಯಾಕೆ ಬಿಟ್ಟೆ ಎಂದು ಯಾರೂ ಕೇಳಿರಲಿಲ್ಲ. ಬೆನ್ನುಮೂಳೆ ಇಲ್ಲದವರ ಕಥೆ ಯಾರಿಗೆ ಬೇಕು?

ಪ್ರಿನ್ಸಿಪಾಲರದ್ದು ಬೇರೆ ಗತ್ತು. ನಿಮ್ಮ ವಯಸ್ಸಿನಲ್ಲಿ ಇದೇ ಗೇಟಿನ ಮುಂದೆ ಕೂತವನು ನಾನು, ಯಾರ ಮುಂದೆಯೂ ತಲೆ ತಗ್ಗಿಸಲಿಲ್ಲ ಎಂದು ಪ್ರತಿ ಸಮಾರಂಭದಲ್ಲೂ ಎದೆ ತಟ್ಟಿಕೊಳ್ಳುತ್ತಿದ್ದರು. ಕ್ಷಮಾಪಣೆ ಪತ್ರಕ್ಕೂ ಅವರದೇ ಆಜ್ಞೆ: ಹೊಸದಾಗಿ ಬರೆಯುವ ತಲೆನೋವು ಬೇಡ, ಬೀರುವಿನಲ್ಲಿ ಹಳೆಯ ನಮೂನೆ ಇರುತ್ತದೆ, ಅದನ್ನೇ ಎತ್ತು. ಆ ಕಾಲೇಜಿನ ರೀತಿಯೇ ಹಾಗೆ. ರಜಾಚೀಟಿಯಿಂದ ಸಂತಾಪಸೂಚನೆಯವರೆಗೆ ಎಲ್ಲವೂ ಹಳೆಯದರ ನಕಲು. ತಾರೀಖು ತಿದ್ದಿದರೆ ಕೆಲಸ ಮುಗಿಯಿತು. ಬೀರುವಿನಿಂದ ಒಂದು ಕಾಗದವನ್ನೂ ಯಾರೂ ಎಸೆದಿರಲಿಲ್ಲ.

ಗುಮಾಸ್ತ ಮೊದಲಿನ ಕಾಗದವನ್ನು ಹಿಂದಕ್ಕೆ ಎಳೆದುಕೊಂಡ. ದಾರ ಬಿಚ್ಚಿದ ಕಡತದಿಂದ ಇನ್ನೊಂದನ್ನು ಎತ್ತಿ ಮುಂದಿಟ್ಟ. “ಹಾಗಾದ್ರೆ ಇದನ್ನ ಓದು. ಮೂಲ ನಮೂನೆ. ಒಂದಕ್ಷರ ಸೇರಿಸ್ಬೇಡ, ಒಂದಕ್ಷರ ಬಿಡ್ಬೇಡ.”

ಅವಳು ಓದಿದಳು. ಮುಖ ಬಿಳಿಚಿತು. ಮತ್ತೆ ಓದಿದಳು.

“ಇದ್ರಿಂದ ನಿಮಗೇನು ಸಿಗುತ್ತೆ?”

“ಇಂಥ ಕಾಗದ ಕೊಟ್ಟವರೇ ಇಲ್ಲಿ ಮೇಲೆ ಹೋಗಿರೋದು,” ಅಂದ ಗೋಂದು.

ಹುಡುಗಿ ಕಾಗದವನ್ನು ಮಡಿಸಿಕೊಂಡು, ಓದುತ್ತೇನೆ ಎಂದಳು. ಅಮ್ಮ ಗೋಡೆಗೆ ಒರಗಿ ಉಸಿರು ಬಿಟ್ಟಳು. ಸುದ್ದಿ ಗೇಟು ಮುಟ್ಟಲು ಐದು ನಿಮಿಷವೂ ಬೇಕಾಗಲಿಲ್ಲ. ವಿಚಾರಣೆಗೆ ಹೋಗುವಾಗ ಅವಳ ಕೋಣೆಯ ಗೆಳತಿಯೇ ಕಂಬಿಯಾಚೆಯಿಂದ ಕ್ಯಾಕರಿಸಿ ಉಗಿದಳು. ಇವಳು ಒರೆಸಿಕೊಂಡು ಮುಂದೆ ನಡೆದಳು.

ಸಮಿತಿಯಲ್ಲಿ ಮೂವರು. ನಡುವೆ ಪ್ರಿನ್ಸಿಪಾಲರು. ಬಲಕ್ಕೆ ಆಡಳಿತ ಮಂಡಳಿಯ ಕಾರ್ಯದರ್ಶಿ. ಎಡಕ್ಕೆ ಸಪ್ತಾಹವನ್ನು ಉದ್ಘಾಟಿಸಿ ನಿರ್ಭೀತ ನಾಲಿಗೆಯ ಬಗ್ಗೆ ಒಂದೂವರೆ ಗಂಟೆ ಮಾತಾಡಿದ್ದ ಇತಿಹಾಸದ ಮೇಷ್ಟ್ರು. ಈಗ ಅದೇ ನಾಲಿಗೆಯಲ್ಲಿ ಬಿಸ್ಕತ್ತು ತಿರುವುತ್ತಿದ್ದರು. ಮೇಜಿನ ಮೇಲೆ ಸೀಲು ಒಡೆಯದ ಮೂರು ನೀರಿನ ಬಾಟಲಿ. ಕಾಲೇಜಿನ ನಲ್ಲಿ ನೀರನ್ನು ಅವರ‍್ಯಾರೂ ಬಾಯಿಗೆ ಹಾಕುತ್ತಿರಲಿಲ್ಲ. ಗುಮಾಸ್ತ ಮೂಲೆಯಲ್ಲಿ ನಡಾವಳಿ ಪುಸ್ತಕದ ಮೇಲೆ ಮೊಣಕೈ ಅಡ್ಡ ಹಾಕಿಕೊಂಡು ಬರೆಯುತ್ತಿದ್ದ.

ಹುಡುಗಿ ಓದತೊಡಗಿದಳು. “ಹಾಸ್ಟೆಲಿನ ಟ್ಯಾಂಕಿನಲ್ಲಿ ಸತ್ತ ಹಕ್ಕಿಗಳಿವೆ ಎಂದು ಕೂಗಿದ್ದು ನನ್ನ ತಪ್ಪು. ನೀರು ಶುದ್ಧವಾಗಿದೆ. ಗೇಟಿನ ಮುಂದೆ ಕೂತದ್ದು ನನ್ನ ಸ್ವಂತ ಬುದ್ಧಿಯಿಂದಲ್ಲ.”

ಕಾರ್ಯದರ್ಶಿ ತಲೆಯಾಡಿಸಿದರು. ಪ್ರಿನ್ಸಿಪಾಲರು ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದವರು ನಿಲ್ಲಿಸಿದರು.

“ನನ್ನ ತಲೆ ಕೆಡಿಸಿದವನು ನಾವೆಲ್ಲ ಎಡಚ ಎಂದು ಕರೆಯುವ ಗೆಳೆಯ. ಗೋಡೆಬರಹ ಅವನದೇ. ಅವನೊಬ್ಬನನ್ನು ಹೊರಗೆ ಹಾಕಿದರೆ ಉಳಿದವರು ತಾವಾಗಿ ಸುಮ್ಮನಾಗುತ್ತಾರೆ. ನಾನು ಹೇಳಿದೆನೆಂದು ಅವನಿಗೆ ತಿಳಿಸಬೇಡಿ. ನನ್ನನ್ನು ಪರೀಕ್ಷೆಗೆ ಬಿಡಿ.”

ಒಂದೇ ತಟ್ಟೆಯಲ್ಲಿ ಉಂಡವನನ್ನು ಹೀಗೆ ಹಿಡಿದುಕೊಡುವುದೆಂದರೆ! ಕೇಳಿದವರ ಕಿವಿ ಹೊಲಸಾಗಬೇಕಿತ್ತು. ಇತಿಹಾಸದ ಮೇಷ್ಟ್ರಿಗೆ ಮಾತ್ರ ಬಲು ಖುಷಿಯಾಯಿತು. ಭೇಷ್ ಎಂದು, ಆ ಎಡಚ ಯಾರು, ನಿಜವಾದ ಹೆಸರು ಹೇಳಮ್ಮ ಎಂದು ಮುಂದಕ್ಕೆ ಬಾಗಿದರು. ಕಾರ್ಯದರ್ಶಿ ಪೆನ್ನು ಚಾಚಿ, ಮೊದಲು ಸಹಿಯಾಗಲಿ ಎಂದರು.

“ಸಹಿ ಆಗಿದೆ ಸಾರ್. ಮೂವತ್ತನಾಲ್ಕು ವರ್ಷ ಆಯ್ತು.”

ಕಂದುಬಣ್ಣಕ್ಕೆ ತಿರುಗಿದ ಕಾಗದವನ್ನು ಅವಳು ಮೇಜಿನ ಮೇಲೆ ಇಟ್ಟಳು. ಕೆಳಗಿನ ಸಹಿಗೆ ಇಷ್ಟುದ್ದದ ಬಾಲ. ಅವಳಿಗೆ ಬಂದ ನೋಟೀಸಿನ ಕೆಳಗೂ ಅದೇ ಬಾಲ. ಕಾರ್ಯದರ್ಶಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಕೊನೆಗೆ ಪ್ರಿನ್ಸಿಪಾಲರ ಮುಖ ನೋಡಿದರು. ಅದು ಸುಣ್ಣದ ಗೋಡೆಯಾಗಿತ್ತು.

“ಇದನ್ನ ಬರೆದುಕೊಟ್ಟವರನ್ನ ಪರೀಕ್ಷೆಗೆ ಬಿಟ್ರಂತೆ,” ಅಂದಳು ಹುಡುಗಿ. “ಬರೆಯದೇ ಇರೋರನ್ನೂ ಬಿಡ್ತೀರಾ?”

ಕಾರ್ಯದರ್ಶಿ ಅವಳ ನೋಟೀಸನ್ನು ನಾಲ್ಕು ಮಡಿಕೆ ಮಾಡಿ ತಮ್ಮ ಜೇಬಿಗೆ ಹಾಕಿಕೊಂಡರು. ಹೋಗಿ ಓದಿಕೋ ಎಂದರು. ಇತಿಹಾಸದ ಮೇಷ್ಟ್ರು ಬಿಸ್ಕತ್ತು ನುಂಗಲೂ ಆಗದೆ ಉಗುಳಲೂ ಆಗದೆ ಕೂತಿದ್ದರು. ಮೂಲೆಯಲ್ಲಿ ಪೆನ್ನಿನ ಸದ್ದು ನಿಂತಿತ್ತು.

“ನಡಾವಳಿಯಲ್ಲಿ ಎಡಚ ಅಂತಲೇ ಇರ್ಲಾ ಸಾರ್,” ಗುಮಾಸ್ತ ಎಡಗೈಯಲ್ಲಿ ಹಿಡಿದ ಪೆನ್ನನ್ನು ಎತ್ತದೆ ಪ್ರಿನ್ಸಿಪಾಲರನ್ನು ಕೇಳಿದ, “ಇಲ್ಲ, ನನ್ನ ಹೆಸರೇ ಬರೀಲಾ?”