ಎಡಗಾಲಿನ ಪೆಡಲ್

“ಕೂತ್ಕಳ್ರಿ ಕ್ಯಾಪ್ಟನ್,” ಎಂದು ಬಸವರಾಜಪ್ಪ ಕುರ್ಚಿ ತೋರಿಸಿದಾಗ ಕಲ್ಲೇಶನ ಬೆನ್ನಲ್ಲಿ ಬೆವರು ಇಳಿಯಿತು. ಹೆಣ್ಣು ನೋಡಲು ಬಂದವನಿಗೆ ಉಪ್ಪಿಟ್ಟು, ಕೇಸರಿಬಾತು ಕೊಟ್ಟು ಕಳಿಸುವುದು ಲೋಕರೂಢಿ. ನ್ಯಾಮತಿಯ ಈ ಮನೆಯಲ್ಲಿ ಅದೆಲ್ಲ ಮುಗಿದ ಮೇಲೆ ಹುಡುಗನನ್ನು ಪಕ್ಕದ ಕೋಣೆಗೆ ಕರೆತಂದು ಹೆಲಿಕಾಪ್ಟರಿನ ಮುಂದೆ ಕೂರಿಸಿದ್ದರು.

ನಿಜವಾದ ಹೆಲಿಕಾಪ್ಟರಲ್ಲ. ಗೋಡೆಗೆ ದೊಡ್ಡ ಪರದೆ, ಕೆಳಗೊಂದು ಕಂಪ್ಯೂಟರ್. ಮನೆಯಲ್ಲೇ ಕೂತು ಹಾರಾಟ ಅಭ್ಯಾಸ ಮಾಡುವ ಸಿಮ್ಯುಲೇಟರ್. ನೆಲದ ಮೇಲೆ ಮೂರು ಸೆಟ್ ಕಂಟ್ರೋಲ್ ಜೋಡಿಸಿದ್ದರು. ಒಂದೊಂದರಲ್ಲೂ ಸ್ಟಿಕ್, ಲಿವರ್, ಪೆಡಲ್. ಮೂರಕ್ಕೂ ವಿಭೂತಿ ಹಚ್ಚಿ, ಹೂವಿಟ್ಟು ಪೂಜೆ ಆಗಿತ್ತು. ಪ್ಲಾಸ್ಟಿಕ್ ಹೊದಿಕೆ ಮಾತ್ರ ಇನ್ನೂ ಯಾರೂ ಬಿಚ್ಚಿರಲಿಲ್ಲ.

“ಮಗಳ ಪಾಠಕ್ಕೆ ಅಂತ ಮೂರು ತರಿಸೀವಿ. ಅಸಲಿ ಹೆಲಿಕಾಪ್ಟರಿಗೆ ಹತ್ರ ಇರೋದು ಯಾವ್ದು ಅಂತ ಒಂದು ಆರಿಸಿಕೊಡ್ರಿ. ಉಳಿದವನ್ನ ವಾಪಸ್ ಕಳಿಸ್ತೀವಿ,” ಎಂದರು ಬಸವರಾಜಪ್ಪ. “ನೀನೇ ಆರಿಸವ್ವ ಅಂದ್ರೆ ನಮ್ಮ ಹುಡುಗಿ, ಅವರು ಬರ್ಲಿ ತಡೀರಿ ಅಂದ್ಲು.”

ಆ ಹುಡುಗಿ, ಮೇಘಶ್ರೀ, ಬಾಗಿಲ ಪಕ್ಕ ಕೈಕಟ್ಟಿ ನಿಂತಿದ್ದಳು. ಕಣ್ಣು ಕಲ್ಲೇಶನ ಕೈಯ ಮೇಲೇ ನೆಟ್ಟಿತ್ತು. ಹೆಲಿಕಾಪ್ಟರ್ ಕಲಿಸುವ ಟೀಚರ್ ಅವಳು, ಎಂಥೆಂಥ ಪೈಲಟ್‌ಗಳನ್ನು ತಯಾರು ಮಾಡಿದ್ದಾಳೋ ಎಂದು ಚನ್ನಗಿರಿಯ ಮದುವೆ ಬ್ರೋಕರ್ ತಿಪ್ಪೇರುದ್ರಪ್ಪ ಹೇಳಿದ್ದ.

ಅದೇ ತಿಪ್ಪೇರುದ್ರಪ್ಪ ಈ ಮನೆಯಲ್ಲಿ ಕಲ್ಲೇಶನನ್ನು ಪೈಲಟ್ ಮಾಡಿಟ್ಟಿದ್ದ. ಕಲ್ಲೇಶ ಜಗಳೂರು ಕಡೆಯ ಬಿಳಿಚೋಡಿನವನು. ಮೆಕ್ಕೆಜೋಳದ ಹೊಲಗಳಿಗೆ ಡ್ರೋನ್‌ನಲ್ಲಿ ಔಷಧಿ ಹೊಡೆಯುವವನು.

“ಡ್ರೋನಿಗೂ ರೆಕ್ಕೆ ತಿರುಗ್ತಾವೆ, ಹೆಲಿಕಾಪ್ಟರಿಗೂ ತಿರುಗ್ತಾವೆ,” ಎಂದಿದ್ದ ತಿಪ್ಪೇರುದ್ರಪ್ಪ. “ಸಾವಿರ ಸುಳ್ಳು ಹೇಳಿ ಒಂದು ಮದ್ವೆ ಮಾಡು ಅಂತಾರೆ. ನಾನು ಹೇಳಿರೋದು ಒಂದೇ ಕಣಪ್ಪ!”

ಆಗಲೇ ಅವನ ಬಾಯಿ ಮುಚ್ಚಿಸಬೇಕಿತ್ತು. ಕಲ್ಲೇಶ ಮುಚ್ಚಿಸಲಿಲ್ಲ, ಯಾಕೆಂದರೆ ಆಸೆ. ಕೆರೆಬಿಳಚಿಯ ಒಂದು ಮದುವೆಯಲ್ಲಿ ಅವಳನ್ನು ನೋಡಿದ್ದ. ಇಕ್ಕಟ್ಟಿನ ಓಣಿಯಲ್ಲಿ ಯಾರದೋ ಕಾರು ಸಿಕ್ಕಿಕೊಂಡು, ಗಂಡಸರೆಲ್ಲ ಒಬ್ಬೊಬ್ಬರಾಗಿ ಹತ್ತಿ ಸೋತು ಇಳಿದಿದ್ದರು. ಮೇಘಶ್ರೀ ಸೆರಗು ಸಿಕ್ಕಿಸಿ ಕೂತವಳೇ ಒಂದೇ ಸಲಕ್ಕೆ ಹಿಂದಕ್ಕೆ ತೆಗೆದು, ಕೀಲಿ ಕೊಟ್ಟು ಊಟಕ್ಕೆ ಹೋದಳು. ಅವತ್ತೇ ಇವನ ಮನಸ್ಸು ಹೋಯಿತು. ಕಟ್ಟಿಕೊಂಡರೆ ಇವಳನ್ನೇ ಎಂದು ಕೂತ. ಈಗ ಸಿಕ್ಕಿಬಿದ್ದರೆ ಹುಡುಗಿಯೂ ಹೋದಳು, ಮಾನವೂ ಹೋಯಿತು.

ಆದರೂ ಬರಿಗೈಯಲ್ಲಿ ಬಂದಿರಲಿಲ್ಲ. ಮೊಬೈಲಿನಲ್ಲಿ ವಿಡಿಯೋ ಮೇಲೆ ವಿಡಿಯೋ ನೋಡಿ ಬಾಯಿಪಾಠ ಮಾಡಿದ್ದ.

ಮೊದಲ ಸೆಟ್ಟಿನ ಸ್ಟಿಕ್ ಎಳೆದು ಬಿಟ್ಟ. ಟಕ್ಕನೆ ನಡುವಿಗೆ ಹಾರಿತು. “ಇದು ಆಟದ ಸಾಮಾನು,” ಎಂದ. “ಅಸಲಿ ಸ್ಟಿಕ್ಕು ಹಿಂಗೆ ಜಿಗಿಯಲ್ಲ. ಬಿಟ್ಟಲ್ಲೇ ನಿಲ್ಲಬೇಕು.”

ಮೇಘಶ್ರೀ ತುಟಿ ಬಿಗಿದು ತಲೆಯಾಡಿಸಿದಳು.

ಎರಡನೆಯದರ ಲಿವರ್ ಮೇಲೆತ್ತಿದ. ಕೈಬಿಟ್ಟ ಕೂಡಲೇ ಕುಸಿಯಿತು. “ಹೆಲಿಕಾಪ್ಟರ್ ಮೇಲೇಳೋದೇ ಈ ಲಿವರ್‌ನಿಂದ. ಇದು ಬಿತ್ತು ಅಂದ್ರೆ ನಾವೂ ಬಿದ್ವಿ.”

“ಶಿವ ಶಿವಾ,” ಎಂದರು ಬಸವರಾಜಪ್ಪ.

ಮೂರನೆಯದು ಗಟ್ಟಿಯಾಗಿತ್ತು. ಸ್ಟಿಕ್ ಮೊಣಕಾಲುಗಳ ನಡುವೆ ಕೂತಿತು, ಲಿವರ್ ಎಡಗೈಗೆ ತೂಕವಾಗಿ ಸಿಕ್ಕಿತು. ಪೆಡಲ್ ಮೇಲೆ ಕಾಲಿಟ್ಟ.

“ಎಡಗಾಲು ಪೂರಾ ಒತ್ರಿ,” ಮೇಘಶ್ರೀ ಮೊದಲ ಸಲ ಬಾಯಿ ಬಿಟ್ಟಳು. “ಈಗ ನಿಧಾನಕ್ಕೆ ಬಿಡ್ರಿ. ನಿಧಾನಕ್ಕೆ!”

ಕಲ್ಲೇಶ ಗಾಬರಿಯಲ್ಲಿ ಜೋರಾಗಿಯೇ ಬಿಟ್ಟ. ಬಾಗಿಲ ಬಳಿ ಧಪ್ಪೆಂದು ಸದ್ದಾಯಿತು. ಅವಳು ಬಲಗಾಲನ್ನು ನೆಲಕ್ಕೆ ಅಪ್ಪಳಿಸಿದ್ದಳು. ಮುಗೀತು, ಟೀಚರಮ್ಮನಿಗೆ ಸಿಟ್ಟು ಬಂತು ಎಂದುಕೊಂಡ.

ಅಷ್ಟರಲ್ಲಿ ಬಸವರಾಜಪ್ಪನವರ ಫೋನ್ ಬಡಿದುಕೊಂಡಿತು. “ತಿಪ್ಪೇರುದ್ರಪ್ಪಂದು,” ಎಂದು ಅವರು ಜಗುಲಿಗೆ ಹೋದರು. ಕೋಣೆಯಲ್ಲಿ ಇಬ್ಬರೇ ಉಳಿದರು.

“ಎಕ್ಸಲೇಟರ್ ಕೊಡ್ರಿ ನೋಡಾಣ,” ಎಂದಳು ಮೇಘಶ್ರೀ.

ಲಿವರ್‌ನ ತುದಿಯಲ್ಲಿ ಬೈಕಿನ ಹಿಡಿಯಂಥದ್ದೊಂದು ಇತ್ತು. ಕಲ್ಲೇಶ ತಿರುಗಿಸಿದ. ತಿರುಗಿಸಿದ ಮೇಲೆ ಎದೆ ಧಸಕ್ಕೆಂದಿತು. ವಿಡಿಯೋದಲ್ಲಿ ಸಾರಿ ಸಾರಿ ಹೇಳಿದ್ದರು: ಹೆಲಿಕಾಪ್ಟರಿನಲ್ಲಿ ಇದನ್ನು ಬೈಕಿಗೆ ಉಲ್ಟಾ ತಿರುಗಿಸಬೇಕು. ಹದಿಹರೆಯದಿಂದ ಬೈಕ್ ಓಡಿಸಿದ ಕೈ, ತನ್ನ ಪಾಡಿಗೆ ತಾನು ತನಗೆ ಗೊತ್ತಿದ್ದ ಕಡೆಗೇ ತಿರುಗಿಬಿಟ್ಟಿತ್ತು. ಕಣ್ಣು ಮುಚ್ಚಿ ಕಾದ.

“ಸರಿಯಾಗೈತೆ,” ಎಂದಳು ಮೇಘಶ್ರೀ.

ಕಲ್ಲೇಶ ತಲೆ ಎತ್ತಿದ. ಅವಳ ಮುಖ ಕೆಂಪಾಗಿತ್ತು. ಕಂಡೂ ಕಾಣದ ಹಾಗೆ ಬಿಟ್ಟಳಲ್ಲ! ಎಲ್ಲ ಬಲ್ಲವಳು, ತನ್ನ ಮಾನ ಉಳಿಸಲು ಸುಳ್ಳು ಹೇಳಿದಳು. ಖುಷಿಯಾಗಬೇಕಿತ್ತು. ಆಗಲಿಲ್ಲ. ಥೂ, ಇಂಥವಳಿಗೆ ಮೋಸ ಮಾಡಿ ತಾಳಿ ಕಟ್ಟುವುದಾ?

ಜಗುಲಿಯಿಂದ ಬಸವರಾಜಪ್ಪನವರ ದನಿ ಬಂತು. “ನಮಗೆ ಒಪ್ಪಿಗೆ ಐತೆ ಮಾರಾಯ. ಮುಹೂರ್ತ ನೋಡ್ಸಿಬಿಡು.”

ಇನ್ನು ತಡೆದರೆ ಆಗದು. ಕಲ್ಲೇಶ ಲಿವರ್ ಬಿಟ್ಟು ಎದ್ದು ನಿಂತ.

“ರೀ, ನಾನು ಪೈಲಟ್ ಅಲ್ಲ. ಡ್ರೋನ್‌ನಾಗೆ ಹೊಲಕ್ಕೆ ಔಷಧಿ ಹೊಡೀತೀನಿ. ಹೆಲಿಕಾಪ್ಟರ್ ಹತ್ತಿರದಿಂದ ನೋಡೂ ಇಲ್ಲ. ಈಗ ನಾನು ತಿರುಗಿಸಿದ್ದು ಉಲ್ಟಾ. ಗೊತ್ತಿದ್ದೂ ನೀವು ಸುಮ್ಮನಾದ್ರಿ. ನಿಮ್ಮನ್ನ ಬಿಟ್ಟುಕೊಡಾಕೆ ಮನಸ್ಸಿಲ್ಲ, ಮೋಸ ಮಾಡಾಕೂ ಆಗವಲ್ದು. ನಿಮ್ಮಪ್ಪಾಜಿಗೆ ನಾನೇ ಹೇಳ್ತೀನಿ.”

ಮೇಘಶ್ರೀ ಜಗುಲಿಯ ಕಡೆ ಒಮ್ಮೆ ನೋಡಿ ಬಾಗಿಲು ಮುಂದಕ್ಕೆ ಮಾಡಿದಳು. ಬಂದು ಅವನು ಬಿಟ್ಟೆದ್ದ ಕುರ್ಚಿಯಲ್ಲಿ ಕುಸಿದು ಕೂತಳು. ಕಲ್ಲೇಶ ಬೈಗುಳಕ್ಕೆ ತಲೆ ತಗ್ಗಿಸಿದ.

“ಅಯ್ಯೋ, ಅದು ಉಲ್ಟಾನಾ?” ಎಂದಳು ಮೇಘಶ್ರೀ. “ನಾನು ಹೊನ್ನಾಳಿಯಾಗೆ ಕಾರು ಕಲಿಸೋಳು ರೀ!”